ಮೊದಲು ಗುಹೆಗೆ ಹೋಗಬೇಕಿತ್ತು: ಒಂಬತ್ತನೇ ತರಗತಿಯಲ್ಲಿ ‘ಅಂತಿಗೊನೆ’ ಕಲಿಸಿದ ಒಂದು ಪ್ರಕರಣ

‘ಇದು ಎಷ್ಟು ಮಾರ್ಕ್ಸಿಗೆ ಬರ್ತದೆ ಅಕ್ಕೋರೇ?’

ಹಿಂದಿನ ಬೆಂಚಿನಿಂದ ಈ ಪ್ರಶ್ನೆ ಬಂದಾಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಮೊದಲ ಎರಡು ಪಿರಿಯಡ್ ನಾನು ಮಾಡಿದ ಪಾಠಕ್ಕೆ ಅದಕ್ಕಿಂತ ಸರಿಯಾದ ಪ್ರಶ್ನೆ ಇರಲಿಲ್ಲ.

ನಾನು ಕನ್ನಡ ಕಲಿಸುತ್ತೇನೆ. ಅಂಕೋಲಾಕ್ಕೂ ಕುಮಟಾಕ್ಕೂ ನಡುವಿನ ಕರಾವಳಿಯ ಒಂದು ಹೈಸ್ಕೂಲು. ಆ ತರಗತಿಯಲ್ಲಿ 34 ಮಕ್ಕಳು. ಅರ್ಧದಷ್ಟು ಜನ ಮೀನುಗಾರರ ಮನೆಯವರು, ಅವರಲ್ಲಿ ಕೆಲವರಿಗೆ ಮನೆಮಾತು ಕೊಂಕಣಿ. ಉಳಿದವರದ್ದು ಗದ್ದೆ, ತೋಟ, ಅಂಗಡಿ, ಗಾರೆ ಕೆಲಸದ ಮನೆಗಳು. ಇದು ನಡೆದದ್ದು 2024ರ ನವೆಂಬರ್, ಡಿಸೆಂಬರ್‌ನಲ್ಲಿ. ಮಕ್ಕಳ ಹೆಸರು ಹಾಕುವುದಿಲ್ಲ, ಪಾತ್ರದ ಹೆಸರಲ್ಲೇ ಕರೆಯುತ್ತೇನೆ.

ನಾಟಕ ಅಂದರೆ ನಗಿಸುವುದು ಅಥವಾ ನೀತಿ ಹೇಳುವುದು, ಎರಡೇ ಅಂತ ನಮ್ಮ ಮಕ್ಕಳಿಗೆ ಅಭ್ಯಾಸವಾಗಿಬಿಟ್ಟಿದೆ. ಸ್ನೇಹ ಸಮ್ಮೇಳನದಲ್ಲಿ ಆಡುವುದು ಆ ಎರಡೇ. ಹತ್ತನೇ ತರಗತಿಗೆ ಹೋದ ಮೇಲಂತೂ ಯಾವುದಕ್ಕೂ ಟೈಮಿಲ್ಲ. ಅದಕ್ಕೇ ಒಂಬತ್ತರಲ್ಲೇ ಒಂದು ಪೂರ್ತಿ ದುರಂತ ನಾಟಕ, ರುದ್ರನಾಟಕ ಅಂತಾರಲ್ಲ ಅದನ್ನು, ಮೊದಲಿಂದ ಕೊನೆಯವರೆಗೆ ಓದಿಸಬೇಕು ಅಂತ ಆಸೆ ಇತ್ತು. ಮೊದಲು ಯೋಚಿಸಿದ್ದು ಬಿ.ಎಂ.ಶ್ರೀ ಅವರ 1929ರ ‘ಅಶ್ವತ್ಥಾಮನ್’. ಅದು ಪ್ರಾಚೀನ ಗ್ರೀಕ್ ನಾಟಕಕಾರ ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಕಥೆಗೆ ಹೊಂದಿಸಿ ಬರೆದದ್ದು. ಆದರೆ ಭಾಷೆ ಗಟ್ಟಿ, ಒಂದು ಪುಟಕ್ಕೆ ಒಂದು ಪಿರಿಯಡ್ ಬೇಕು. ಹಾಗಾಗಿ ಅದೇ ಸೊಫೋಕ್ಲಿಸನ ‘ಅಂತಿಗೊನೆ’ ಹಿಡಿದೆ. ಪಿ. ಲಂಕೇಶರು ಕನ್ನಡಕ್ಕೆ ತಂದಿದ್ದಾರೆ, ಓದಲು ಸಲೀಸು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಥೀಬ್ಸ್ ಅಂತ ಊರು. ಈಡಿಪಸ್ ರಾಜನ ಇಬ್ಬರು ಗಂಡುಮಕ್ಕಳು ಸಿಂಹಾಸನಕ್ಕಾಗಿ ಹೊಡೆದಾಡಿ ಒಬ್ಬರ ಕೈಯಲ್ಲಿ ಒಬ್ಬರು ಸತ್ತಿದ್ದಾರೆ. ಎಟಿಯೋಕ್ಲಿಸ್ ಊರಿನ ಪರವಾಗಿ ಕಾದವನು, ಪಾಲಿನೈಸಸ್ ಹೊರಗಿನ ಸೈನ್ಯ ಕಟ್ಟಿಕೊಂಡು ಬಂದವನು. ಸೋದರಮಾವ ಕ್ರೆಯಾನ್ ಈಗ ರಾಜ. ಮೊದಲನೆಯವನಿಗೆ ಮರ್ಯಾದೆಯ ಸಂಸ್ಕಾರ, ಎರಡನೆಯವನ ಹೆಣ ಹದ್ದು ನಾಯಿಗೆ ಬಿಡಬೇಕು, ಮುಟ್ಟಿದವರಿಗೆ ಸಾವು ಅಂತ ಅವನ ಆಜ್ಞೆ. ತಂಗಿ ಅಂತಿಗೊನೆ ಹೋಗಿ ಅಣ್ಣನ ಹೆಣದ ಮೇಲೆ ಮಣ್ಣು ಹಾಕುತ್ತಾಳೆ. ಸಿಕ್ಕಿಬೀಳುತ್ತಾಳೆ. ಕ್ರೆಯಾನ್ ಅವಳನ್ನು ಜೀವಂತ ಗುಹೆಯೊಳಗೆ ಹಾಕಿಸುತ್ತಾನೆ. ಅವಳನ್ನು ಮದುವೆಯಾಗಬೇಕಿದ್ದವನು ಹೀಮನ್, ಕ್ರೆಯಾನನ ಸ್ವಂತ ಮಗ. ಕೊನೆಗೆ ಕುರುಡು ಜ್ಯೋತಿಷಿ ಟೈರೀಸಿಯಸ್ ಬಂದು ಎಚ್ಚರಿಸಿದ ಮೇಲೆ ರಾಜನಿಗೆ ಬುದ್ಧಿ ಬರುತ್ತದೆ, ಓಡುತ್ತಾನೆ. ತಡವಾಗಿರುತ್ತದೆ. ಅಂತಿಗೊನೆ ಇಲ್ಲ, ಹೀಮನ್ ಇಲ್ಲ, ಸುದ್ದಿ ಕೇಳಿ ರಾಣಿ ಯೂರಿಡೈಸ್ ಕೂಡ ಇಲ್ಲ. ಕ್ರಿಸ್ತಪೂರ್ವ 441ರ ಆಸುಪಾಸಿನ ನಾಟಕ ಇದು.

ನಾನು ಮಾಡಿದ ಮೊದಲ ತಪ್ಪು, ಈ ಮೇಲಿನ ಪ್ಯಾರಾವನ್ನೇ ಬೋರ್ಡಿನ ಮೇಲೆ ಬರೆದದ್ದು. ಅದರ ಕೆಳಗೆ ‘ದುರಂತ ದೋಷ: ಕ್ರೆಯಾನನ ಅಹಂಕಾರ’ ಅಂತ ಬರೆದು ಅಡಿಗೆರೆ ಎಳೆದೆ. ಮಕ್ಕಳು ಶ್ರದ್ಧೆಯಿಂದ ನೋಟ್ಸ್ ಇಳಿಸಿಕೊಂಡರು. ಮುಗಿಯಿತು. ಅಹಂಕಾರ ಪಟ್ಟ, ಕೆಟ್ಟ. ಇದರಲ್ಲಿ ಮಾತಾಡುವುದಕ್ಕೆ ಏನಿದೆ? ರಾವಣನದ್ದೂ ಅದೇ, ದುರ್ಯೋಧನನದ್ದೂ ಅದೇ. ಆಗಲೇ ಬಂದದ್ದು ಆ ಮಾರ್ಕ್ಸಿನ ಪ್ರಶ್ನೆ.

ಈಡಿಪಸನ ವಿಷಯದಲ್ಲೂ ಜಾಣತನ ಮಾಡಲು ಹೋದೆ. ‘ಗೊತ್ತಿಲ್ಲದೆ ತಂದೆಯನ್ನು ಕೊಂದವನ ಮಗಳು’ ಅಂತ ಅರ್ಧ ಹೇಳಿ, ತಾಯಿಯನ್ನು ಮದುವೆಯಾದ ಇನ್ನರ್ಧ ನುಂಗಿಕೊಂಡೆ. ಮರುದಿನ ಬೆಳಿಗ್ಗೆಯೇ ಇಡೀ ಕ್ಲಾಸಿಗೆ ಗೊತ್ತಿತ್ತು. ಅಪ್ಪನ ಮೊಬೈಲಿನಲ್ಲಿ ಯಾರೋ ಹುಡುಕಿದ್ದರು. ನಾನು ಮುಚ್ಚಿಟ್ಟದ್ದರಿಂದಲೇ ಅದು ಎರಡು ದಿನದ ಪಿಸುಪಿಸು ಆಯಿತು. ಮೊದಲೇ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಮೂರನೇ ಪಿರಿಯಡ್‌ಗೆ ದಾರಿ ತೋರಿಸಿದ್ದು ಒಬ್ಬ ಹುಡುಗ. ಅವರ ಮನೆಯಲ್ಲಿ ಮಳೆಗಾಲ ಬಂತೆಂದರೆ ತಾಳಮದ್ದಳೆ. ಅಜ್ಜ, ಅಪ್ಪ ಇಬ್ಬರೂ ಅರ್ಥ ಹೇಳುವವರು. ‘ಅಕ್ಕೋರೇ, ಇದನ್ನ ಓದುದು ಎಂತಕ್ಕೆ, ಕೂತು ಅರ್ಥ ಹೇಳುವ’ ಅಂದ. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಬೇಡ, ಆದರೂ ಬೇರೆ ಕಡೆಯವರು ಓದುತ್ತಿದ್ದರೆ ಅಂತ ಹೇಳುತ್ತೇನೆ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ಇರುತ್ತದೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ವಾದ ಮಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಆ ಕ್ಷಣಕ್ಕೆ ಹುಟ್ಟಬೇಕು. ವಾಲಿ ರಾಮನನ್ನು ನಿಲ್ಲಿಸಿ ಕೇಳುತ್ತಾನಲ್ಲ, ಕರ್ಣ ಕೃಷ್ಣನಿಗೆ ಉತ್ತರ ಕೊಡುತ್ತಾನಲ್ಲ, ಆ ಜಾತಿಯ ನಾಟಕವೇ ‘ಅಂತಿಗೊನೆ’. ಇಬ್ಬಿಬ್ಬರು ಎದುರುಬದುರು ಕೂತು ವಾದ ಮಾಡುವುದೇ ಅದರ ಮುಖ್ಯ ಕೆಲಸ. ಗ್ರೀಕರೂ ಹೆಣ್ಣುಪಾತ್ರವನ್ನು ಗಂಡಸರ ಕೈಯಲ್ಲೇ ಮಾಡಿಸುತ್ತಿದ್ದರು, ಸಾವನ್ನು ರಂಗದ ಮೇಲೆ ತೋರಿಸದೆ ದೂತನ ಬಾಯಲ್ಲಿ ಹೇಳಿಸುತ್ತಿದ್ದರು. ಇದನ್ನು ಹೇಳಿದ್ದೇ ತಡ, ಮಕ್ಕಳಿಗೆ ಸೊಫೋಕ್ಲಿಸ್ ಪಕ್ಕದ ಊರಿನ ಪ್ರಸಂಗಕರ್ತನ ಹಾಗೆ ಕಂಡ. ಹೆಸರುಗಳೂ ಗಿಡ್ಡವಾದವು. ಪಾಲಿ, ಎಟಿ.

ಛಂದಸ್ಸು ಹೇಗೂ ಕಲಿಸಬೇಕಿತ್ತು, ಭಾಮಿನಿಯಲ್ಲಿ ಪದ್ಯ ಕಟ್ಟಿ ಅಂದೆ. ಮೂರು ದಿನ ಬೆರಳು ಮಡಚಿ ಮಾತ್ರೆ ಎಣಿಸಿ, ಇಬ್ಬರು ಹುಡುಗಿಯರು ಸೇರಿ ಇಷ್ಟು ತಂದರು:

ಮಣ್ಣ ಮುಚ್ಚದೆ ಬಿಟ್ಟ ಹೆಣವನು
ಹೆಣ್ಣು ಮುಚ್ಚಿದಳೊಂದು ಹಿಡಿಯಲಿ

ಮೂರನೇ ಸಾಲಿಗೆ ಹೋದಾಗ ಗಣ ಕೈಕೊಟ್ಟಿತು, ಷಟ್ಪದಿ ಪೂರ್ತಿಯಾಗಲಿಲ್ಲ. ಈ ಎರಡು ಸಾಲನ್ನೇ ನಾವು ಮತ್ತೆ ಮತ್ತೆ ಹಾಡಿಸಿದೆವು. ನನಗಂತೂ ಇಷ್ಟು ಸಾಕಿತ್ತು.

ಪಾತ್ರ ಹಂಚಿದ್ದು ಹೀಗೆ. ತಾಳಮದ್ದಳೆ ಮನೆಯ ಹುಡುಗ ಕ್ರೆಯಾನ್. ಗಟ್ಟಿ ದನಿಯ ಒಬ್ಬಳು ಹುಡುಗಿ ಅಂತಿಗೊನೆ. ಅಪ್ಪನ ಬೋಟಿನಲ್ಲಿ ರಜೆಗೆ ಹೋಗಿ ಬರುವ ಒಬ್ಬ ಹುಡುಗ, ಮಾತು ಕಮ್ಮಿ, ಅವನು ದೂತ. ಹೆಣ ಕಾಯುವ ಕಾವಲುಗಾರನ ಪಾತ್ರಕ್ಕೆ ಮಾತ್ರ ಜಗಳವೇ ಆಯಿತು. ರಾಜನಿಗೆ ಕೆಟ್ಟ ಸುದ್ದಿ ಯಾರು ಹೇಳಬೇಕು ಅಂತ ಕಾವಲುಗಾರರು ಚೀಟಿ ಎತ್ತಿ, ಸಿಕ್ಕಿಬಿದ್ದವನು ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಬರುತ್ತಾನಲ್ಲ, ಅವನು ನೇರ ನಮ್ಮ ಮೇಳದ ಹಾಸ್ಯಗಾರನೇ. ನಡುನಡುವೆ ಮಾತಾಡುವ ಕೋರಸ್, ಅಂದರೆ ಥೀಬ್ಸಿನ ಮುದುಕರ ಮೇಳಕ್ಕೆ ಹಿಂದಿನ ಎರಡು ಬೆಂಚು ಪೂರ್ತಿ. ‘ಇವ್ರು ಊರ ಹಿರೇರು, ಮೀಟಿಂಗಲ್ಲಿ ತಲೆ ಆಡಿಸ್ತಾರಲ್ಲ ಅಂಥವ್ರು’ ಅಂತ ಒಬ್ಬ ಅರ್ಥ ಮಾಡಿಕೊಂಡ. ಇದಕ್ಕಿಂತ ಚೆನ್ನಾಗಿ ಕೋರಸ್ ಅನ್ನು ನಾನು ವಿವರಿಸಿಲ್ಲ.

ಒಂದು ತೊಂದರೆ ಬೇಗ ಗೊತ್ತಾಯಿತು. ಕ್ರೆಯಾನ್ ಹುಡುಗ ಗೆಲ್ಲುತ್ತಲೇ ಇದ್ದ. ‘ಊರು ಒಂದು ದೋಣಿ, ದೋಣಿ ಉಳಿದರೆ ನೆಂಟಸ್ತಿಕೆ’ ಅಂತ ಶುರು ಮಾಡಿದನೆಂದರೆ ಎದುರಿಗೆ ಯಾರೂ ನಿಲ್ಲುವುದಿಲ್ಲ. ಆ ದೋಣಿಯ ಹೋಲಿಕೆ ಮೂಲದಲ್ಲೇ ಕ್ರೆಯಾನನ ಮೊದಲ ಮಾತಿನಲ್ಲಿದೆ. ಕೈ ಎತ್ತಿಸಿ ಎಣಿಸಿದರೆ 21 ಮಕ್ಕಳು ರಾಜನ ಕಡೆ, 13 ಅಂತಿಗೊನೆಯ ಕಡೆ. ಸಹೋದ್ಯೋಗಿಯೊಬ್ಬರು, ‘ಏನ್ರೀ, ಮಕ್ಕಳು ನಿಮ್ಮ ನಾಟಕವನ್ನೇ ಉಲ್ಟಾ ಮಾಡಿದರಲ್ಲ’ ಅಂತ ನಕ್ಕರು. ನನಗೆ ಹಾಗನ್ನಿಸಲಿಲ್ಲ. ಕ್ರೆಯಾನನನ್ನು ಖಳನಾಯಕ ಮಾಡಿಬಿಟ್ಟರೆ ಅದು ಬರೀ ಕೆಟ್ಟ ರಾಜನ ಕಥೆ, ದುರಂತ ಅಲ್ಲ. ಯುದ್ಧ ಮುಗಿದು ಒಂದು ರಾತ್ರಿ ಆಗಿದೆ, ಊರು ಇನ್ನೂ ಹೊಗೆಯಾಡುತ್ತಿದೆ, ಅಂಥ ಹೊತ್ತಲ್ಲಿ ಆಳುವವನಿಗೆ ಅವನದೇ ಆದ ಕಾರಣ ಇರುತ್ತದೆ. ನಾಟಕ ಕಲಿಸುವ ಯಾರಿಗಾದರೂ ನಾನು ಹೇಳುವುದು ಇದು: ಕ್ಲಾಸಿನ ಅತ್ಯಂತ ಜೋರು ಬಾಯಿಯ ಮಗುವಿಗೆ ಕ್ರೆಯಾನ್ ಕೊಡಿ.

ಹೀಮನ್ ಅಪ್ಪನಿಗೆ ಬುದ್ಧಿ ಹೇಳುವ ಜಾಗದಲ್ಲಿ ಮಾತ್ರ ತಕ್ಕಡಿ ಸ್ವಲ್ಪ ಅಲ್ಲಾಡಿತು. ಹೀಮನ್ ಎರಡು ಹೋಲಿಕೆ ಕೊಡುತ್ತಾನೆ. ನೆರೆ ಬಂದಾಗ ಬಾಗುವ ಮರ ಉಳಿಯುತ್ತದೆ, ಸೆಟೆದು ನಿಂತದ್ದು ಬುಡ ಸಮೇತ ಹೋಗುತ್ತದೆ. ಹಾಯಿಯ ಹಗ್ಗವನ್ನು ಬಿಗಿಹಿಡಿದು ಸ್ವಲ್ಪವೂ ಸಡಿಲ ಬಿಡದವನು ದೋಣಿ ಮಗುಚಿಕೊಳ್ಳುತ್ತಾನೆ. ಅಲ್ಲಿ ದೂತನ ಪಾತ್ರದ ಹುಡುಗ ಮೊದಲ ಸಲ ಬಾಯಿಬಿಟ್ಟ. ‘ಈಗ ಹಾಯಿ ಯಾರೂ ಹಾಕುದಿಲ್ಲ ಅಕ್ಕೋರೇ. ಆದ್ರೆ ಬಲೆ ಹಗ್ಗಾನೂ ಹಾಗೇ. ಕೆಳಗೆ ಕಲ್ಲಿಗೆ ಸಿಕ್ಕಿಕೊಂಡ್ರೆ ಬಿಡಬೇಕು, ಎಳೀತಾ ಕೂತ್ರೆ ಬೋಟೇ ಒರಗ್ತದೆ.’ ಬಲೆಗೆ ಎಷ್ಟು ದುಡ್ಡು ಅಂತ ಇನ್ನೊಬ್ಬ ಕೇಳಿದ. ‘ಜಾಸ್ತಿನೇ. ಅದಕ್ಕೇ ಯಾರಿಗೂ ಬಿಡೂಕೆ ಮನಸ್ಸು ಬರುದಿಲ್ಲ.’ ಕ್ರೆಯಾನ್ ಯಾಕೆ ಆಜ್ಞೆ ವಾಪಸ್ ತಗೊಳ್ಳಲಿಲ್ಲ ಅನ್ನುವುದು ಅವತ್ತು ಕ್ಲಾಸಿಗೆ ಅರ್ಥವಾಯಿತು ಅನ್ನಿಸುತ್ತದೆ.

ಇನ್ನು ಪ್ರಕರಣದ ಕಷ್ಟದ ಭಾಗ.

ಆರನೇ ಪಿರಿಯಡ್. ಕ್ರೆಯಾನ್ ಮತ್ತು ಅಂತಿಗೊನೆಯ ವಾದ. ದೇವರ ಕಾನೂನು ನಿನ್ನೆ ಇವತ್ತಿನದ್ದಲ್ಲ, ಸತ್ತವನಿಗೆ ಮಣ್ಣು ಕೊಡುವುದು ಅದಕ್ಕೂ ಹಿಂದಿನದು ಅಂತ ಅವಳು ಚೆನ್ನಾಗಿಯೇ ಹೇಳುತ್ತಿದ್ದಳು. ಕ್ರೆಯಾನ್ ಹುಡುಗ ಮಾತಿನ ಬಿಸಿಯಲ್ಲಿ ಒಂದು ಸವಾಲು ಎಸೆದ. ಪುಸ್ತಕದಲ್ಲಿ ಇಲ್ಲದ್ದು, ಆಗ ಹುಟ್ಟಿದ್ದು.

‘ಹೆಣವೇ ಸಿಗದಿದ್ದರೆ? ಆಗ ಏನು ಮಾಡುತ್ತಿದ್ದೆ?’

ಅರ್ಥಗಾರಿಕೆಯ ಲೆಕ್ಕದಲ್ಲಿ ಒಳ್ಳೆಯ ಸವಾಲು. ನಾನು ಮನಸ್ಸಿನಲ್ಲೇ ಭಲೇ ಅಂದೆ. ಅವಳು ಸುಮ್ಮನಾದಳು. ತುಂಬ ಹೊತ್ತು. ಆಮೇಲೆ ಪಾತ್ರದ ದನಿ ಬಿಟ್ಟು, ತನ್ನ ದನಿಯಲ್ಲಿ, ‘ಕಾಯ್ತಿದ್ದೆ’ ಅಂದಳು. ಕೂತುಬಿಟ್ಟಳು. ಕ್ಲಾಸು ತಣ್ಣಗಾಯಿತು. ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಕಾರಣ ಗೊತ್ತಿತ್ತು.

ಅವಳ ಸೋದರಮಾವ ಅದಕ್ಕೆ ಮೂರು ವರ್ಷದ ಹಿಂದೆ ಬೋಟಿನಿಂದ ಸಮುದ್ರಕ್ಕೆ ಬಿದ್ದವರು. ಸಿಕ್ಕಿಲ್ಲ. ಮನೆಯಲ್ಲಿ ಎರಡು ಪಕ್ಷ. ಗೋಕರ್ಣಕ್ಕೆ ಹೋಗಿ ದರ್ಭೆಯ ಬೊಂಬೆ ಮಾಡಿ ಸಂಸ್ಕಾರ ಮುಗಿಸೋಣ ಅಂತ ಹುಡುಗಿಯ ತಾಯಿ. ಬೇಡವೇ ಬೇಡ, ‘ಬರುವವ ಬಂದರೆ?’ ಅಂತ ಅಜ್ಜಿ. ಸರ್ಕಾರದ ಕಾಗದದಲ್ಲೂ ಅವರು ಸತ್ತಿರಲಿಲ್ಲ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತಂತೆ ಅಂತ ಕಾನೂನು ಎಣಿಸುತ್ತದೆ, ಆಗ ಇನ್ನೂ ನಾಲ್ಕು ಉಳಿದಿತ್ತು. ಈ ಮನೆಯ ಹುಡುಗಿಗೆ ನಾನು, ದನಿ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ, ಹೆಣ ಹೂಳುವ ಪಾತ್ರ ಕೊಟ್ಟಿದ್ದೆ.

ನನಗೆ ಹೊಳೆಯಬೇಕಿತ್ತು. ಆ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಲಾರಿ ಮತ್ತು ಅದರ ಚಾಲಕನ ಶರೀರ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಎರಡು ತಿಂಗಳು ಮೇಲಾಯಿತು. ಅಷ್ಟು ದಿನವೂ ನಮ್ಮ ಭಾಗದಲ್ಲಿ ಬಸ್ಸಿನಲ್ಲಿ, ಮೀನು ಪೇಟೆಯಲ್ಲಿ ಇದೇ ಮಾತು: ಸಿಕ್ಕಿತಾ? 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು 7 ಜನರ ಸಮೇತ ಕಾಣೆಯಾದಾಗಲೂ ಹಾಗೇ, ಅದರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಹೆಣ ಸಿಗದ ಮನೆ ಅಂದರೇನು ಅಂತ ಈ ಕರಾವಳಿಗೆ ಗ್ರೀಕರು ಬಂದು ಹೇಳಬೇಕಾಗಿಲ್ಲ. ‘ನಮ್ಮ ಮಕ್ಕಳಿಗೆ ಹತ್ತಿರವಾಗುತ್ತದೆ’ ಅಂತಲೇ ನಾನು ಈ ನಾಟಕ ಆರಿಸಿದ್ದು. ಎಷ್ಟು ಹತ್ತಿರ, ಯಾರಿಗೆ ಹತ್ತಿರ ಅಂತ ವಿಚಾರಿಸಲಿಲ್ಲ.

ಮೂರು ದಿನ ಹುಡುಗಿ ಶಾಲೆಗೆ ಬರಲಿಲ್ಲ. ಎರಡನೇ ದಿನ ತಾಯಿ ಬಂದರು. ಕೂಗಾಡಲಿಲ್ಲ, ಕೂಗಾಡಿದ್ದರೆ ಸುಲಭವಿತ್ತು. ‘ನಮ್ಮನೆ ಸಂಕ್ಟ ಮಕ್ಕಳ ಬಾಯಲ್ಲಿ ಆಡಿಸುದು ಎಂತಕ್ಕೆ ಅಕ್ಕೋರೇ?’ ಅಂದರು. ನನಗೆ ಗೊತ್ತಿರಲಿಲ್ಲ ಅಂದೆ. ಅದು ನಿಜ, ಆದರೆ ಉತ್ತರವಲ್ಲ. ತಪ್ಪಾಯಿತು ಅಂದೆ. ಮುಖ್ಯಾಧ್ಯಾಪಕರು ನಾಟಕ ನಿಲ್ಲಿಸಿಬಿಡಿ ಅಂದರು. ಕ್ರೆಯಾನ್ ಹುಡುಗನೂ ಬಂದು, ‘ನಂಗೆ ಪಾರ್ಟು ಬ್ಯಾಡ’ ಅಂದ. ಅವನ ಮುಖ ನೋಡಲಾಗಲಿಲ್ಲ. ಅವನಿಗೂ ಮಾವನ ವಿಷಯ ಗೊತ್ತಿತ್ತು, ಆದರೆ ಮಾತು ಆಡುವಾಗ ನೆನಪಿರಲಿಲ್ಲ. ಬಾಯಿಂದ ಬಂದ ಮೇಲೆ ನೆನಪಾಯಿತು. ಆ ವಯಸ್ಸಿಗೆ ಅದು ಚಿಕ್ಕ ಭಾರ ಅಲ್ಲ. ಅದು ನಿನ್ನ ತಪ್ಪಲ್ಲ, ಪಾತ್ರ ಹಂಚಿದ್ದು ನಾನು ಅಂತ ಅವನಿಗೆ ಎರಡು ಸಲ ಹೇಳಬೇಕಾಯಿತು.

ನಿಲ್ಲಿಸುವ ಬಗ್ಗೆ ನಾನೂ ಯೋಚಿಸಿದೆ. ಆದರೆ ಅರ್ಧಕ್ಕೆ ಬಿಟ್ಟರೆ ಆ ಹುಡುಗಿಯ ‘ಕಾಯ್ತಿದ್ದೆ’ಯೇ ನಾಟಕದ ಕೊನೆಯ ಮಾತಾಗಿ ಕ್ಲಾಸಿನಲ್ಲಿ ಉಳಿಯುತ್ತದೆ, ಎಲ್ಲರೂ ಅವಳನ್ನು ನೋಡುವ ನೋಟ ಹಾಗೇ ನಿಂತುಬಿಡುತ್ತದೆ. ನಾಲ್ಕನೇ ದಿನ ಅವಳೇ ಬಂದಳು. ಸ್ಟಾಫ್ ರೂಮಿಗೆ ಬಂದು, ಅಂತಿಗೊನೆ ಬೇಡ ಅಂದಳು. ಸರಿ, ನಾಟಕವೇ ಬೇಡ ಅಂದರೂ ಸರಿ, ಲೈಬ್ರರಿಯಲ್ಲಿ ಕೂರಬಹುದು ಅಂದೆ. ‘ಅಲ್ಲ, ನಂಗೆ ಇಸ್ಮೆನೆ ಕೊಡಿ.’

ಇಸ್ಮೆನೆ ಅಂದರೆ ಅಂತಿಗೊನೆಯ ತಂಗಿ. ನಾಟಕದ ಶುರುವಿನಲ್ಲೇ ಅಕ್ಕ ಅವಳನ್ನು ಕರೆಯುತ್ತಾಳೆ, ಬಾ, ಅಣ್ಣನನ್ನು ಹೂಳೋಣ ಅಂತ. ಇವಳು ಹೆದರುತ್ತಾಳೆ. ಆಮೇಲೆ ಅಕ್ಕ ಸಿಕ್ಕಿಬಿದ್ದಾಗ ಓಡಿಬಂದು ನಾನೂ ಮಾಡಿದೆ, ನನ್ನನ್ನೂ ಸಾಯಿಸಿ ಅನ್ನುತ್ತಾಳೆ. ಅಕ್ಕ ಒಪ್ಪುವುದಿಲ್ಲ. ನಾನು ಇವಳನ್ನು ನೋಟ್ಸಿನಲ್ಲಿ ‘ಪುಕ್ಕಲು ಸ್ವಭಾವ’ ಅಂತ ಎರಡೇ ಪದದಲ್ಲಿ ಮುಗಿಸಿದ್ದೆ. ಯಾಕೆ ಇಸ್ಮೆನೆ ಅಂತ ಕೇಳಿದೆ. ‘ಅವ್ಳು ಕೊನೆಗೆ ಎಲ್ಲಿ ಹೋದ್ಲು? ನೀವು ಹೇಳಲೇ ಇಲ್ಲ.’

ನಾನು ಹೇಳದ್ದು ಮಾತ್ರವಲ್ಲ, ನಾಟಕವೇ ಹೇಳುವುದಿಲ್ಲ. ಮಧ್ಯದಲ್ಲಿ ಒಳಗೆ ಹೋದವಳು ಮತ್ತೆ ಬರುವುದೇ ಇಲ್ಲ. ಇನ್ನೂ ವಿಚಿತ್ರ ಏನೆಂದರೆ, ಗುಹೆಗೆ ಹೋಗುವಾಗ ಅಂತಿಗೊನೆ ತಾನೇ ರಾಜಮನೆತನದ ಕೊನೆಯ ಕುಡಿ ಅನ್ನುತ್ತಾಳೆ. ತಂಗಿ ಬದುಕಿದ್ದಾಳೆ, ಮನೆಯಲ್ಲೇ ಇದ್ದಾಳೆ. ಅಕ್ಕನ ಲೆಕ್ಕದಲ್ಲಿ ಇಲ್ಲ. ಎಂ.ಎ.ಯಲ್ಲಿ ಓದಿದಾಗಲೂ ನನಗೆ ಇದು ಕಂಡಿರಲಿಲ್ಲ.

ತಾಯಿಯ ಹತ್ತಿರ ಹೋಗಿ ಮಾತಾಡಿ, ಅವರು ಹೂಂ ಅಂದ ಮೇಲೆ ಮುಂದುವರಿಸಿದೆವು. ಮುಖ್ಯಾಧ್ಯಾಪಕರ ಷರತ್ತು: ಸ್ನೇಹ ಸಮ್ಮೇಳನದ ಸ್ಟೇಜಿನಲ್ಲಿ ಬೇಡ, ಕ್ಲಾಸಿನೊಳಗೆ ಮಾಡಿ. ಆಗ ಬೇಜಾರಾಗಿತ್ತು. ಈಗ ಅವರು ಹೇಳಿದ್ದು ಸರಿ ಅನ್ನಿಸುತ್ತದೆ. ಇನ್ನೊಂದು ನಿಯಮ ನಾವೇ ಸೇರಿ ಮಾಡಿಕೊಂಡೆವು. ಯಾರು ಬೇಕಾದರೂ ಕೈ ಎತ್ತಿ ‘ಭಾಗವತ್ರೇ’ ಅಂದರೆ ಮಾತು ನಿಂತು ಪದ್ಯ ಶುರುವಾಗಬೇಕು, ಕಾರಣ ಕೇಳುವ ಹಾಗಿಲ್ಲ. ಎರಡು ಸಲ ಬಳಕೆಯಾಯಿತು. ಒಂದು ಸಲ ಇಸ್ಮೆನೆ. ಇನ್ನೊಂದು ಸಲ ಕಾವಲುಗಾರ, ಅವನಿಗೆ ಬರೀ ಮಾತು ಮರೆತುಹೋಗಿತ್ತು.

ಈಗ ದೂತನ ಹುಡುಗನ ವಿಷಯ. ನನ್ನ ಪ್ರಕಾರ ಇಡೀ ಪಾಠ ತಿರುಗಿದ್ದು ಅಲ್ಲಿ.

ಒಂಬತ್ತನೇ ಪಿರಿಯಡ್, ದೂತನ ವರದಿ ಓದುತ್ತಿದ್ದೆವು. ಟೈರೀಸಿಯಸ್ ಹೋದ ಮೇಲೆ ಕ್ರೆಯಾನ್ ಆಳುಗಳನ್ನು ಕರೆದುಕೊಂಡು ಹೊರಟ. ಮೊದಲು ಬಯಲಿಗೆ ಹೋದರು. ಅಲ್ಲಿ ಉಳಿದಿದ್ದ ಪಾಲಿನೈಸಸನ ಶರೀರ ತೊಳೆದರು, ಸುಟ್ಟರು, ಮೇಲೆ ಮಣ್ಣಿನ ದಿಬ್ಬ ಕಟ್ಟಿದರು. ಆಮೇಲೆ ಗುಹೆಯ ಕಡೆ ಹೋದರು. ಒಳಗಿಂದ ಹೀಮನನ ಅಳು ಕೇಳಿತು.

ಅವನು ಓದುವುದನ್ನು ನಿಲ್ಲಿಸಿದ. ‘ಅಕ್ಕೋರೇ, ಇಂವ ಮೊದ್ಲು ಗುಹೆಗೆ ಹೋಗಬೇಕಿತ್ತು.’

ಯಾಕೆ ಅಂದೆ. ‘ಬೋಟು ಮಗುಚಿದ್ರೆ ಮೊದ್ಲು ಜೀವ ಇದ್ದವ್ರನ್ನ ಎತ್ತುದು. ಹೆಣ ಆಮೇಲೆ. ಎಲ್ರಿಗೂ ಗೊತ್ತಿದ್ದದ್ದೇ ಅಲ್ವಾ.’

ಮನೆಗೆ ಹೋಗಿ ಹಿಂದಿನ ಪುಟ ತಿರುವಿದೆ. ಕ್ರೆಯಾನ್ ‘ಈಗ ಏನು ಮಾಡಲಿ ಹೇಳಿ’ ಅಂತ ಮುದುಕರನ್ನು ಕೇಳುತ್ತಾನೆ. ಅವರು ಹೇಳುವುದು ಇದೇ ಕ್ರಮ: ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಸತ್ತವನಿಗೆ ಗೋರಿ ಮಾಡು. ಬೇಗ ಹೋಗು ಅಂತಲೂ ಹೇಳುತ್ತಾರೆ. ಅವನು ಉಲ್ಟಾ ಮಾಡುತ್ತಾನೆ. ಬೋರ್ಡಿನ ಮೇಲೆ ‘ಅಹಂಕಾರ’ ಅಂತ ಬರೆದು ಅಡಿಗೆರೆ ಎಳೆದವಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಾ? ಆ ಹೊತ್ತಿಗೆ ಅಹಂಕಾರ ಎಲ್ಲಿದೆ ಅವನಲ್ಲಿ? ಅದು ಇಳಿದು ಹೋಗಿದೆ, ತಪ್ಪಾಯಿತು ಅಂತ ಒಪ್ಪಿಕೊಂಡು ಓಡುತ್ತಿದ್ದಾನೆ. ಆದರೂ ಕೆಡುತ್ತದೆ. ಅರಿಸ್ಟಾಟಲ್ ದುರಂತದ ಬಗ್ಗೆ ಹೇಳುವಾಗ ಬಳಸಿದ ‘ಹಮಾರ್ಷಿಯಾ’ ಅನ್ನುವ ಪದದ ಬೇರು ಬಾಣ ಗುರಿ ತಪ್ಪುವುದಕ್ಕೆ ಸೇರಿದ್ದು. ನಾವು ಅದನ್ನು ‘ದೋಷ’ ಅಂತ ಮಾಡಿ ಸ್ವಭಾವಕ್ಕೆ ಅಂಟಿಸಿಬಿಟ್ಟಿದ್ದೇವೆ, ಜಾತಕದಲ್ಲಿ ದೋಷ ಇದ್ದಂತೆ. ಮರುದಿನ ಆ ಹಳೆ ನೋಟ್ಸ್ ಹೊಡೆದುಹಾಕಲು ಹೇಳಿದೆ. ಮಕ್ಕಳಿಗೆ ಅದೇ ದೊಡ್ಡ ಖುಷಿ.

ಹಾಗಾದರೆ ಅವನು ಹೆಣದ ಕಡೆಗೇ ಮೊದಲು ಯಾಕೆ ಹೋದ? ಒಂದಿಡೀ ಪಿರಿಯಡ್ ಇದೇ ಆಯಿತು. ಜ್ಯೋತಿಷಿ ಹೆದರಿಸಿದ್ದು ಹೆಣದ ವಿಷಯದಲ್ಲೇ ಹೆಚ್ಚು, ಹಕ್ಕಿಗಳು ಅದನ್ನು ತಿಂದು ಬಲಿಪೀಠವೆಲ್ಲ ಮೈಲಿಗೆ ಆಗಿದೆ ಅಂತ, ಅದಕ್ಕೇ ಹೋದ ಅಂತ ಒಬ್ಬಳು. ದಾರಿಯಲ್ಲಿ ಅದೇ ಮೊದಲು ಸಿಕ್ಕಿರಬೇಕು ಅಂತ ಇನ್ನೊಬ್ಬ. ಕ್ರೆಯಾನ್ ಹುಡುಗ ಅವತ್ತಿನ ನಂತರ ಬಾಯಿಯೇ ಬಿಟ್ಟಿರಲಿಲ್ಲ, ಕೊನೆಗೆ ಹೇಳಿದ: ‘ಸತ್ತವ್ರ ಹತ್ರ ತಪ್ಪಾಯ್ತು ಅನ್ನುದು ಸುಲಭ. ತಿರುಗಿ ಮಾತಾಡುದಿಲ್ಲ. ಅವಳ ಹತ್ರ ಹೋದ್ರೆ ಅವ್ಳು ಬೈತಾಳೆ.’ ಇಸ್ಮೆನೆ ಹುಡುಗಿ ಏನೂ ಹೇಳಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು.

ಮೊದಲು ಹೋಗಿದ್ದರೂ ಅಂತಿಗೊನೆ ಅಷ್ಟರಲ್ಲೇ ಸತ್ತಿರಬಹುದಲ್ಲ ಅಂತ ಮತ್ತೊಬ್ಬಳ ತಕರಾರು. ಅದೂ ನಿಜವೇ. ಅವಳು ಯಾವ ಹೊತ್ತಿಗೆ ಸತ್ತಳು ಅಂತ ನಾಟಕದಲ್ಲಿಲ್ಲ. ‘ಇರಲಿ, ಹೀಮನ್ ಅಷ್ಟರೊಳಗೆ ಬರ್ತಿರಲಿಲ್ಲ, ಅಂವ ಉಳೀತಿದ್ದ’ ಅಂದ ದೂತ. ನಾನು ಈ ವಾದವನ್ನು ತೀರ್ಮಾನಿಸಲಿಲ್ಲ.

ಇಲ್ಲೊಂದು ವಿಷಯ ಬಿಡುವ ಹಾಗಿಲ್ಲ. ಈ ನಾಟಕದಲ್ಲಿ ಮೂರು ಜನ ತಾವಾಗಿ ಜೀವ ಕಳೆದುಕೊಳ್ಳುತ್ತಾರೆ. ಎದುರಿಗೆ ಕೂತವರು 14, 15ರ ಮಕ್ಕಳು. ಹೇಗೆ ಸತ್ತರು ಅನ್ನುವ ವಿವರವನ್ನು ದೂತನ ಮಾತಿನಿಂದ ಕತ್ತರಿಸಿದೆ, ‘ತಡವಾಗಿತ್ತು’ ಅನ್ನುವಷ್ಟು ಉಳಿಸಿದೆ. ಹೀಮನ್ ಲವ್‌ಗಾಗಿ ಸತ್ತ ಹೀರೋ ಅಂತ ಇಬ್ಬರು ಹುಡುಗರು ಮಾತಾಡಿಕೊಳ್ಳುತ್ತಿದ್ದರು. ಬೈಯಲಿಲ್ಲ. ಮರುಗಳಿಗೆ ಅವನ ತಾಯಿಗೆ ಏನಾಯಿತು ಅಂತ ಅವರ ಕೈಯಲ್ಲೇ ಓದಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಇದು ಪರೀಕ್ಷೆಗೆ ಅಲ್ಲ, ಬೇಕಾದಾಗ ಫೋನ್ ಮಾಡಲು ಅಂದೆ. ಯಾರೋ ಅದನ್ನು ತಿಂಗಳಾದರೂ ಒರೆಸಿರಲಿಲ್ಲ. ಹೆಣದ ಮುಂದೆ ನಿಂತು ಪ್ರಶ್ನೆ ಕೇಳುವ ಯಾವ ನಾಟಕವನ್ನೇ ಕಲಿಸಿ, ಇಷ್ಟು ಮಾಡದೆ ಕಲಿಸಬೇಡಿ.

ಡಿಸೆಂಬರ್‌ನ ಒಂದು ಶನಿವಾರ, ಕ್ಲಾಸಿನಲ್ಲೇ ಚಾಪೆ ಹಾಸಿ ಪೂರ್ತಿ ಪ್ರಸಂಗ ಮಾಡಿದೆವು. ಎರಡು ಗಂಟೆ ಹತ್ತು ನಿಮಿಷ. ಮದ್ದಳೆಗೆ ಕ್ರೆಯಾನ್ ಹುಡುಗನ ಚಿಕ್ಕಪ್ಪ ಬಂದಿದ್ದರು. ಹೊಸ ಅಂತಿಗೊನೆ ಸಾಧಾರಣ, ನಿಜ ಹೇಳಬೇಕಲ್ಲ, ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಟೈರೀಸಿಯಸ್ ಕನ್ನಡಕ ಹಾಕಿಕೊಂಡಿದ್ದ. ಇಸ್ಮೆನೆ ಒಂದು ಹೊಸ ಮಾತು ಸೇರಿಸಿದಳು. ಅಕ್ಕ ತನ್ನನ್ನು ದೂರ ತಳ್ಳಿದಾಗ, ‘ನೀನು ಹೋದಮೇಲೆ ಮನೆಗೆ ದೀಪ ಯಾರು ಹಚ್ಚುದು, ಅದನ್ನಾದ್ರೂ ಹೇಳಿ ಹೋಗು’ ಅಂದಳು. ಅಂತಿಗೊನೆಗೆ ಉತ್ತರ ಹೊಳೆಯಲಿಲ್ಲ. ಭಾಗವತಿಕೆ ಮಾಡುತ್ತಿದ್ದ ಹುಡುಗಿ ಚುರುಕು, ತಕ್ಷಣ ಪದ್ಯ ಎತ್ತಿಕೊಂಡಳು.

ಕೊನೆಯಲ್ಲಿ ಮಂಗಳ ಹಾಡಬೇಕೋ ಬೇಡವೋ ಅಂತ ಹಿಂದಿನ ದಿನವೇ ಜಗಳವಾಗಿತ್ತು. ಇಷ್ಟು ಜನ ಸತ್ತ ಮೇಲೆ ಎಂಥ ಮಂಗಳ ಅಂತ ಕೆಲವರು. ಹಾಡದೆ ಎದ್ದರೆ ಒಳ್ಳೆಯದಲ್ಲ ಅಂತ ಮದ್ದಳೆಯ ಚಿಕ್ಕಪ್ಪ. ಹಾಡಿದೆವು. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ದೇವರನ್ನು ಬಿಟ್ಟು ಇಡಗುಂಜಿ ಗಣಪತಿಗೇ ಹಾಡಿದೆವು.

ಮತ್ತೆ ಕೈ ಎತ್ತಿಸಿದಾಗ ರಾಜನ ಕಡೆ 15, ಅಂತಿಗೊನೆಯ ಕಡೆ 12. ಉಳಿದ 7 ಮಕ್ಕಳು ಎರಡೂ ಕಡೆ ಎತ್ತಲಿಲ್ಲ, ಎತ್ತಲೇಬೇಕಾ ಅಂತ ಕೇಳಿದರು. ಬೇಡ ಅಂದೆ.

ಈ ಸಲ ಮಾಡುವುದಾದರೆ ಎರಡು ಬದಲಾವಣೆ ಖಂಡಿತ. ಕಥೆಯ ಮುಖ್ಯ ಸಂಗತಿಯನ್ನು, ಹೆಣಕ್ಕೆ ಸಂಸ್ಕಾರ ನಿರಾಕರಿಸುವುದು ಇದರಲ್ಲಿದೆ ಅಂತ, ಒಂದು ವಾರ ಮೊದಲೇ ಮಕ್ಕಳಿಗೂ ಮನೆಯವರಿಗೂ ಹೇಳುತ್ತೇನೆ. ಪಾತ್ರವನ್ನು ನಾನು ಹಂಚುವುದಿಲ್ಲ, ಚೀಟಿಯಲ್ಲಿ ಬೇಕಾದದ್ದು ಒಂದು, ಬೇಡದ್ದು ಒಂದು ಬರೆಸಿಕೊಳ್ಳುತ್ತೇನೆ. 12 ಪಿರಿಯಡ್ ಬೇಕು, ಎಂಟರಲ್ಲಿ ಆಗುವುದಿಲ್ಲ. ಸಿಲೆಬಸ್ ಹಿಂದೆ ಬಿತ್ತು ಅಂತ ನನಗೆ ಮೀಟಿಂಗಿನಲ್ಲಿ ಹೇಳಿಸಿಕೊಳ್ಳಬೇಕಾಯಿತು, ಅದಕ್ಕೂ ತಯಾರಿರಬೇಕು.

ಮಾರ್ಕ್ಸ್ ಇಲ್ಲದ ಒಂದು ಬರವಣಿಗೆ ಕೊಟ್ಟಿದ್ದೆ. ‘ಮರುದಿನ ಬೆಳಿಗ್ಗೆ ಇಸ್ಮೆನೆ ಏನು ಮಾಡಿದಳು?’ ಊರು ಬಿಟ್ಟಳು ಅಂತ ಬಹಳ ಜನ. ರಾಣಿಯಾದಳು ಅಂತ ನಾಲ್ವರು. ಕ್ರೆಯಾನನಿಗೆ ಗಂಜಿ ಮಾಡಿಕೊಟ್ಟಳು, ಅವನಿಗೂ ಯಾರೂ ಉಳಿದಿರಲಿಲ್ಲವಲ್ಲ ಅಂತ ದೂತನ ಹುಡುಗ. ಇಸ್ಮೆನೆ ಪಾತ್ರದವಳು ಅರ್ಧ ಪುಟ ಬರೆದಿದ್ದಳು. ಅದರಲ್ಲಿ ಎರಡು ಕಡೆ ಕಾಗುಣಿತ ತಪ್ಪಿತ್ತು. ತಿದ್ದದೆ ಹಾಗೇ ವಾಪಸ್ ಕೊಟ್ಟೆ.